ಎಜ್ರಾ ತಾತನ ಕುಂಟುಗಾಲು

ವೆಂಡೆಲ್ ಸ್ಟಕಿ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಲು ಅವಕಾಶ ಸಿಗಲಾರದು. ಇಂಡಿಯಾನಾದ ಟಕರ್ಸ್ ಫೋರ್ಡ್ ಎಂಬ ಊರಿನಲ್ಲಿ ಅವನು ಹಾಸಿಗೆ ಮಾರುತ್ತಿದ್ದ. ಅಂಗಡಿಯವರು ಕೊಟ್ಟ ಹಸಿರು ಟೈ ಕಟ್ಟುತ್ತಿದ್ದ. ಅದರ ಮೇಲೊಂದು ಮಲಗಿದ ಕುರಿಯ ಚಿತ್ರವಿತ್ತು. ಬೆನ್ನುನೋವೆಂದು ಬಂದ ಮುದುಕಿಯರಿಗೆ, "ಈ ದುಬಾರಿದು ಬೇಡಮ್ಮ, ಆ ಕಡೆಯದೇ ಸಾಕು" ಎಂದು ಹೇಳಿ ಮಾಲೀಕನಿಂದ ಬೈಸಿಕೊಂಡದ್ದೂ ಉಂಟು. ಅಂಥವನ ನಾಲಿಗೆ ಜಾರಿದ್ದು ಶಾಲೆಯಲ್ಲಿ, ನಾಲ್ಕನೆಯ ತರಗತಿಯ ಪಾಲಕರ ಸಭೆಯಲ್ಲಿ, ಬಾಯಲ್ಲಿ ಅರ್ಧ ನಿಂಬೆ ಬಿಸ್ಕತ್ತು ಇದ್ದಾಗ.

ಸಭೆ ಕರೆದಿದ್ದವರು ತರಗತಿಯ ಟೀಚರ್ ಮಿಸೆಸ್ ಆಟಿಂಜರ್. ಗಿಡ್ಡಗೆ, ದುಂಡಗೆ, ಎಂದೂ ದಣಿಯದ ಹೆಂಗಸು.

"ಇಸವಿ ಬಾಯಿಪಾಠ ಮಾಡ್ಸಿ ಮಾಡ್ಸಿ ನಂಗೂ ಸಾಕಾಗಿದೆ, ಮಕ್ಕಳಿಗೂ ಸಾಕಾಗಿದೆ," ಎಂದರು. "ಈ ಸಲ ನಮ್ಮ ದೇಶದ ಇತಿಹಾಸ ಅಂದ್ರೆ ಮನುಷ್ಯರು. ಒಂದೊಂದು ಮಗು ಒಬ್ಬೊಬ್ಬರ ಜೀವನಚರಿತ್ರೆ ಓದಬೇಕು. ಮೇ ತಿಂಗಳಲ್ಲಿ, ನಮ್ಮ ಶಾಲೆಯ ಆಟದ ಹಾಲ್ ಇದೆಯಲ್ಲ, ಆ ಜಿಮ್‌ನಲ್ಲಿ ಮೇಣದ ಮ್ಯೂಸಿಯಂ. ಮಕ್ಕಳೇ ಗೊಂಬೆಗಳು. ವೇಷ ಹಾಕ್ಕೊಂಡು ಅಲ್ಲಾಡದೆ ನಿಲ್ಲಬೇಕು. ಕಾಲ ಹತ್ರ ಕೆಂಪು ಕಾಗದದ ಬಿಲ್ಲೆ ಅಂಟಿಸಿರ್ತೀವಿ. ನೀವು ಅದನ್ನ ತುಳಿದ್ರೆ ಗೊಂಬೆ ಮಾತಾಡುತ್ತೆ. 'ನಾನು ಇಂಥವನು' ಅಂತ ಶುರು ಮಾಡಿ, 'ಜನ ನನ್ನನ್ನು ನೆನೆಯುವುದು ಇಂಥದ್ದಕ್ಕೆ' ಅಂತ ಮುಗಿಸಬೇಕು. ಆಮೇಲೆ ಮತ್ತೆ ಮೇಣ."

ನಿಯಮ ಒಂದೇ. ಹೇಳಿದ ಮಾತಿಗೆಲ್ಲ ಮೂರು ಆಧಾರ ಇರಬೇಕು.

ಯಾರು ಯಾರಾಗಬೇಕೆಂದು ಚೀಟಿ ಎತ್ತಿ ಆಗಿತ್ತು. ಪಕ್ಕದ ಮನೆಯ ರಾಯ್ ಕ್ಲಿಂಗರ್‌ನ ಮಗನಿಗೆ ಲಿಂಕನ್ ಸಿಕ್ಕಿದ್ದ. ವೆಂಡೆಲ್‌ನ ಮಗಳು ಟೆಸ್‌ಗೆ ಸಿಕ್ಕಿದ್ದು ಮಿಲರ್ಡ್ ಫಿಲ್ಮೋರ್, ದೇಶದ ಹದಿಮೂರನೆಯ ಅಧ್ಯಕ್ಷ. ಆತ ಏನು ಮಾಡಿದನೆಂದು ಟಕರ್ಸ್ ಫೋರ್ಡ್‌ನಲ್ಲಿ ಯಾರಿಗೂ ನೆನಪಿರಲಿಲ್ಲ. ಟೆಸ್ ಅಳಲಿಲ್ಲ. ಅವಳು ಅಳುವ ಪೈಕಿಯಲ್ಲ. ಎರಡು ಜಡೆಯ ನಡುವೆ ಮುಖವನ್ನು ಬಿಗಿಹಿಡಿದು ಕುಳಿತಿದ್ದಳು, ಅಷ್ಟೇ. ಅದನ್ನು ನೋಡಲಾರದೆ ವೆಂಡೆಲ್ ಒಂದು ನಿಂಬೆ ಬಿಸ್ಕತ್ತು ಎತ್ತಿ ಅರ್ಧ ಕಚ್ಚಿದ.

ಆಗಲೇ ರಾಯ್ ಕ್ಲಿಂಗರ್ ಎದ್ದುನಿಂತು ಗಂಟಲು ಸರಿಮಾಡಿಕೊಂಡ.

"ಇತಿಹಾಸ ಅಂದ್ಮೇಲೆ ಒಂದು ಮಾತು. ನಮ್ಮವಳ ವಂಶದೋರೊಬ್ಬರು ವಾಷಿಂಗ್ಟನ್ ಸಾಹೇಬರ ದೋಣಿಗೆ ಹುಟ್ಟು ಹಾಕಿದ್ರು. ಸ್ವಾತಂತ್ರ್ಯ ಯುದ್ಧದಲ್ಲಿ ಡೆಲವೇರ್ ನದಿ ದಾಟಿದ್ರಲ್ಲ, ಆ ದಿನ. ಮುಂದಿನ ಎಡಗಡೆ ಹುಟ್ಟು."

ಸಭೆಯಲ್ಲಿ 'ಓ' ಎಂಬ ಗೌರವದ ಸದ್ದಾಯಿತು. ಎಡಗಡೆ ಎಂದು ಅಷ್ಟು ಖಚಿತವಾಗಿ ಹೇಳಿದ ಮೇಲೆ ನಂಬದೆ ಇರುವುದು ಹೇಗೆ? ಬಾಯಲ್ಲಿದ್ದ ಬಿಸ್ಕತ್ತನ್ನು ನುಂಗುವ ಮೊದಲೇ ವೆಂಡೆಲ್‌ನ ಬಾಯಿ ತೆರೆಯಿತು.

"ನಮ್ಮ ಎಜ್ರಾ ತಾತನಿಗೆ ಗೆಟ್ಟಿಸ್‌ಬರ್ಗ್ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದಿತ್ತು."

ಅವನ ಪರವಾಗಿ ಇಷ್ಟು ಹೇಳಬಹುದು. ಎಜ್ರಾ ಸ್ಟಕಿ ಎಂಬಾತ ನಿಜವಾಗಿಯೂ ಇದ್ದ, ವೆಂಡೆಲ್‌ನ ಅಜ್ಜನ ಅಜ್ಜ. ಗೆಟ್ಟಿಸ್‌ಬರ್ಗ್ ಕಾಳಗ ನಡೆದ ಅಂತರ್ಯುದ್ಧದ ಕಾಲಕ್ಕೆ ಪ್ರಾಯದಲ್ಲಿದ್ದ. ಕುಂಟುತ್ತಿದ್ದ ಎಂಬುದೂ ನಿಜ. ಚಿಕ್ಕವನಾಗಿದ್ದಾಗ ವೆಂಡೆಲ್ ನಿಧಾನಕ್ಕೆ ನಡೆದರೆ, "ಎಜ್ರಾ ತಾತನ ಹಾಗೆ ಕಾಲೆಳೀಬೇಡ" ಎಂದು ಮನೆಯವರು ಗದರುತ್ತಿದ್ದರು. ಯುದ್ಧವಿತ್ತು, ಕುಂಟುಗಾಲಿತ್ತು, ನಡುವೆ ಗುಂಡೊಂದು ಕಡಿಮೆಯಿತ್ತು. ವೆಂಡೆಲ್ ಅದನ್ನು ಒದಗಿಸಿದ.

ಮಿಸೆಸ್ ಆಟಿಂಜರ್ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡರು.

"ಮಿಸ್ಟರ್ ಸ್ಟಕಿ, ಇಷ್ಟು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡು ಹಾಸಿಗೆ ಮಾರ್ತಿದ್ರಾ? ನಮ್ಮೂರಿನ ವೀರ, ನಮ್ಮದೇ ತರಗತೀಲಿ ಅವನ ವಂಶದ ಕುಡಿ! ಟೆಸ್, ನೀನು ಫಿಲ್ಮೋರ್ ಬಿಟ್ಟುಬಿಡಮ್ಮ. ನೀನು ಎಜ್ರಾ."

ಟೆಸ್ ತಲೆ ಎತ್ತಿ ಅಪ್ಪನನ್ನು ನೋಡಿದಳು. ಒಂಬತ್ತು ವರ್ಷದಲ್ಲಿ ಅವಳು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಬಾಯಿಗೆ ಬಂದ "ಅಂದ್ರೆ, ನಂಗೆ ಗೊತ್ತಿರೋ ಮಟ್ಟಿಗೆ" ಎಂಬ ಮಾತು ಬಿಸ್ಕತ್ತಿನ ಜೊತೆ ಒಳಗೆ ಹೋಯಿತು.

ಎಜ್ರಾನ ಮೇಲೆ ಪುಸ್ತಕವಿರಲಿಲ್ಲ. ಆದ್ದರಿಂದ ಅಪ್ಪನೇ ಪುಸ್ತಕವಾದ. ಪ್ರತಿ ಸಂಜೆ ಆಲೂಗಡ್ಡೆ, ಬಟಾಣಿ, ಮಾಂಸದ ನಡುವೆ ಟೆಸ್ ಪ್ರಶ್ನೆ ಕೇಳುತ್ತಿದ್ದಳು. ಮಗು ಕೇಳಿದಾಗ ಗೊತ್ತಿಲ್ಲ ಎನ್ನಲು ವೆಂಡೆಲ್‌ನ ಮನಸ್ಸು ಒಪ್ಪುತ್ತಿರಲಿಲ್ಲ. ಸೋಮವಾರ ಎಜ್ರಾ ಬರೀ ಸಿಪಾಯಿ. ಬುಧವಾರದ ಹೊತ್ತಿಗೆ ಧ್ವಜ ಹಿಡಿದಿದ್ದ. ಶುಕ್ರವಾರ ಗುಂಡು ಬಿದ್ದ ಮೇಲೂ ಧ್ವಜ ಬಿಡದೆ ಗುಡ್ಡ ಹತ್ತಿದ. ಭಾನುವಾರ ಗೆಳೆಯನೊಬ್ಬನನ್ನು ಹೆಗಲ ಮೇಲೆ ಹೊತ್ತುಕೊಂಡಿದ್ದ.

"ಧ್ವಜಾನೂ ಹಿಡ್ಕೊಂಡು, ಗೆಳೆಯನ್ನೂ ಹೊತ್ಕೊಂಡು, ಒಂಟಿ ಕಾಲಲ್ಲಿ?" ಎಂದಳು ಹೆಂಡತಿ ಲೋರೆನ್, ಬಟಾಣಿ ಬಡಿಸುತ್ತ.

"ಆಗಿನ ಕಾಲದೋರು ಗಟ್ಟಿ ಇದ್ರು ಕಣೆ."

"ಅದೇ ವಂಶದ ನಿಂಗೆ ಸಾಮಾನಿನ ಚೀಲ ಎತ್ತಿದ್ರೆ ಸೊಂಟ ಹಿಡಿಯುತ್ತೆ," ಎಂದಳು ಲೋರೆನ್.

ಟಕರ್ಸ್ ಫೋರ್ಡ್‌ನಂಥ ಊರಲ್ಲಿ ವೀರನ ವಂಶಸ್ಥನೊಬ್ಬ ಸಿಕ್ಕರೆ ಜನ ಬಿಡುತ್ತಾರೆಯೇ? ಬೇಕರಿಯವಳು ಸೇಬಿನ ಪೈ ಕೊಟ್ಟು ಹಣ ಬೇಡವೆಂದಳು. ಕ್ಷೌರಿಕ ಇವನ ತಲೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಯೋಧರ ಕಿವಿ ಹೀಗೇ ಇರುವುದೆಂದು ಸರದಿಯಲ್ಲಿ ಕಾದಿದ್ದವರಿಗೆಲ್ಲ ತೋರಿಸಿದ. ಪಕ್ಕದ ಮನೆಯ ರಾಯ್ ಮೂರು ದಿನ ಮುಖ ಕೊಡಲಿಲ್ಲ. ನಾಲ್ಕನೆಯ ದಿನ ಬೇಲಿಯ ಮೇಲಿಂದ ಬಗ್ಗಿ, "ಹೌದು, ಯಾವ ಕಾಲಯ್ಯ ಅದು?" ಎಂದು ಕೇಳಿದ. ವೆಂಡೆಲ್ ಬಲಗಾಲು ಎಂದ. ಹಿಂದಿನ ಸಂಜೆಯಷ್ಟೇ ಟೆಸ್‌ಗೆ ಎಡಗಾಲು ಎಂದು ಹೇಳಿದ್ದು ನೆನಪಾಗಿ ರಾತ್ರಿ ಊಟ ಸೇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಒಂದು ಜಂಬದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಒಂದು ದಿನ ಹಾಸಿಗೆ ಅಂಗಡಿಗೆ ಹಾರ್ಲನ್ ವೂರ್‌ಹಿಸ್ ಬಂದ.

ವೂರ್‌ಹಿಸ್ ಊರಿನ ಮಾಜಿ ಸೈನಿಕರ ಸಂಘದ ಮುಖ್ಯಸ್ಥ. ಎಂಬತ್ತು ಸಮೀಪಿಸಿದ ಮುದುಕ, ಸಂಘದ ಟೋಪಿ ಇಲ್ಲದೆ ಹೊರಗೆ ಕಾಣಿಸಿಕೊಳ್ಳುವವನಲ್ಲ. ಮೇ ತಿಂಗಳ ಕೊನೆಯ ಸೋಮವಾರ, ಮಡಿದ ಸೈನಿಕರನ್ನು ನೆನೆಯುವ ದಿನ, ಊರಿನ ಸ್ಮಶಾನದಲ್ಲಿ ಪ್ರತಿ ಸೈನಿಕನ ಗೋರಿಗೂ ಅಂಗೈಯಗಲದ ಧ್ವಜ ನೆಡಿಸುವುದು ಅವನ ಕೆಲಸ. ನಲವತ್ತು ವರ್ಷದಿಂದ ಒಂದು ಗೋರಿಯೂ ತಪ್ಪಿರಲಿಲ್ಲ.

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಮಾದರಿ ಹಾಸಿಗೆಯೊಂದರ ಅಂಚಿಗೆ ಕುಳಿತ. ಹಾಸಿಗೆ ಮೆತ್ತಗಿದ್ದುದರಿಂದ ಅರ್ಧ ಒಳಗೆ ಹೋದ. ಅಲ್ಲಿಂದಲೇ ಹೇಳಿದ.

"ಸ್ಟಕಿ, ನಿಮ್ಮ ತಾತನ ಗೋರಿ ಮೇಲೆ ನಾವು ಒಂದ್ಸಲಾನೂ ಧ್ವಜ ಇಟ್ಟಿಲ್ಲ. ಕಾಲಿಗೆ ಗುಂಡು ತಿಂದ ಮನುಷ್ಯನ್ನ ದಾಟ್ಕೊಂಡು ದಾಟ್ಕೊಂಡು ಹೋಗಿದೀನಿ. ನಂಗೆ ನಿದ್ದೆ ಬರ್ತಿಲ್ಲಪ್ಪ. ಕ್ಷಮೆ ಕೇಳೋಣ ಅಂತ ಬಂದೆ."

"ಅಯ್ಯೋ, ಅದಕ್ಕೇನು ಸಾರ್..."

"ಅದಕ್ಕೇನು ಅನ್ಬೇಡ. ಮಕ್ಕಳ ಮ್ಯೂಸಿಯಂ ದಿನ ಸಂಘದೋರೆಲ್ಲ ಬರ್ತೀವಿ. ಎಲ್ಲರ ಮುಂದೆ ಆ ಧ್ವಜಾನ ನಿನ್ನ ಮಗಳ ಕೈಗೆ ಕೊಡ್ತೀನಿ. ಸೋಮವಾರ ಅವಳೇ ನೆಡಲಿ."

ಮುದುಕನ ಕಣ್ಣು ಒದ್ದೆಯಾಗಿತ್ತು. ಮಾಡದ ತಪ್ಪಿಗೆ ಅವನು ಕ್ಷಮೆ ಕೇಳುತ್ತಿದ್ದ, ಮಾಡಿದವನು ಎದುರಿಗೆ ನಿಂತು ಕುರಿ ಟೈ ಸವರಿಕೊಳ್ಳುತ್ತಿದ್ದ. ವೆಂಡೆಲ್‌ಗೆ ಅಲ್ಲೇ ಒಂದು ದಿಂಬಿನ ಚೀಲದೊಳಗೆ ತೂರಿಕೊಳ್ಳಬೇಕೆನ್ನಿಸಿತು. ಆದರೂ ಅವನು ಮಾಡಿದ್ದೇನೆಂದರೆ, ಮುದುಕನ ಎರಡೂ ಕೈ ಹಿಡಿದು ಹಾಸಿಗೆಯಿಂದ ಮೇಲಕ್ಕೆತ್ತಿ ಕಳಿಸಿದ್ದು.

ಅಂದು ಸಂಜೆ ಮನೆಗೆ ಹೋಗದೆ ನೇರ ವೃದ್ಧಾಶ್ರಮಕ್ಕೆ ಹೋದ. ಅಲ್ಲಿ ಅವನ ಅಪ್ಪನ ಸೋದರತ್ತೆ ಆರ್ಡಿತ್ ಅಜ್ಜಿ ಇದ್ದಳು. ತೊಂಬತ್ತೊಂದು ವಯಸ್ಸು, ವಂಶದ ವಿಷಯವೆಲ್ಲ ನಾಲಿಗೆಯ ತುದಿಯಲ್ಲಿ. ಎಲ್ಲೋ ಒಂದು ಮೂಲೆಯಲ್ಲಿ, ಗುಂಡು ನಿಜವಿದ್ದರೂ ಇರಬಹುದೆಂಬ ಆಸೆ ವೆಂಡೆಲ್‌ಗೆ ಇನ್ನೂ ಉಳಿದಿತ್ತು.

"ಅಜ್ಜಿ, ಎಜ್ರಾ ತಾತ ಯಾಕೆ ಕುಂಟ್ತಿದ್ದ?"

"ಹಂದಿ ಕಚ್ಚಿತ್ತು," ಎಂದಳು ಅಜ್ಜಿ.

"ಯುದ್ಧದಲ್ಲಾ?"

"ಯುದ್ಧದಲ್ಲಿ ಹಂದಿ ಎಲ್ಲಿಂದ ಬರುತ್ತೋ ಪೆದ್ದ? ಹಟ್ಟೀಲಿ. ಮರಿ ಹಾಕಿದ ಹಂದಿ ಹತ್ರ ಕೈಹಾಕೋಕೆ ಹೋದ, ಕಾಲಿಗೆ ಬಾಯಿ ಹಾಕ್ತು. ಯುದ್ಧಕ್ಕೆ ಅವನು ಹೋಗಲೇ ಇಲ್ಲ. ಸೈನ್ಯಕ್ಕೆ ಹೆಸರು ಬಂತು, ಬದಲಿ ಆಳು ಕಳಿಸಿದ. ಆಗ ಕಾನೂನೇ ಹಾಗಿತ್ತು, ಇದ್ದೋರು ಇಲ್ಲದೋರನ್ನ ಕಳಿಸಬಹುದಿತ್ತು. ನಮ್ಮನೇಲಿ ಕೂಲಿಗಿದ್ದ ಏಮಸ್ ಟೀಡ್ ಅಂತ. ಒಂದು ಕುದುರೆ ಕೊಟ್ಟು ಒಪ್ಪಿಸಿದ್ರು. ಟೆನೆಸೀನಲ್ಲಿ ಜ್ವರ ಬಂದು ಸತ್ತುಹೋದ. ಕುದುರೆ ವಾಪಸ್ ಇಲ್ಲಿಗೇ ಬಂತು, ಅವನಿಗೆ ಹಿಂದೆ ಮುಂದೆ ಯಾರೂ ಇರ್ಲಿಲ್ಲ."

ಏಮಸ್ ಟೀಡ್ ಎಂಬ ಹೆಸರು ವೆಂಡೆಲ್‌ಗೆ ಗೊತ್ತಿತ್ತು. ಊರ ನಡುವಿನ ಚೌಕದಲ್ಲಿ, ನ್ಯಾಯಾಲಯದ ಮುಂದೆ, ಯುದ್ಧದಲ್ಲಿ ಸತ್ತವರ ಕಲ್ಲಿದೆ. ಅದರ ತೀರ ಕೆಳಗಿನ ಹೆಸರು ಅದು. ದಿನಾ ಮಧ್ಯಾಹ್ನ ಆ ಕಲ್ಲಿಗೆ ಬೆನ್ನು ಕೊಟ್ಟು ಕುಳಿತು ಅವನು ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಅಜ್ಜಿ," ಎಂದ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, "ಟೆಸ್ ಬಂದು ಕೇಳಿದ್ರೆ, ನೆನಪಿಲ್ಲ ಅಂದ್ಬಿಡ್ತೀಯಾ? ಇಷ್ಟು ವಯಸ್ಸಾಗಿದೆ, ಯಾರೂ ಏನೂ ಅಂದ್ಕೊಳ್ಳಲ್ಲ."

ಅಜ್ಜಿ ಕನ್ನಡಕ ಇಳಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮರೆವು ಬರ್ಲಿ ಅಂತ ನಾನೂ ಕಾಯ್ತಾ ಇದೀನಿ ಕಣೋ. ನಿಮ್ಮಂಥೋರನ್ನ ನೆನಪಿಟ್ಕೊಂಡು ನಂಗೇನು ಸುಖ? ಬರ್ತಾ ಇಲ್ಲ, ಏನ್ಮಾಡ್ಲಿ."

ಟೆಸ್‌ಗೆ ಮೂರು ಆಧಾರ ಬೇಕಿತ್ತಲ್ಲ. ಅವಳು ಶನಿವಾರ ಅಮ್ಮನ ಜೊತೆ ವೃದ್ಧಾಶ್ರಮಕ್ಕೆ ಹೋದಳು. ವೆಂಡೆಲ್ ಮನೆಯಲ್ಲೇ ಉಳಿದು ಇದ್ದ ಬದ್ದ ಹುಲ್ಲನ್ನೆಲ್ಲ ಕತ್ತರಿಸಿದ. ತನ್ನದು ಮುಗಿದ ಮೇಲೆ ರಾಯ್‌ನದೂ ಸ್ವಲ್ಪ ಕತ್ತರಿಸಿದ. ಅವಳು ಹಿಂತಿರುಗಿ ಬಂದವಳು ನೇರ ತನ್ನ ಕೋಣೆಗೆ ಹೋದಳು. ಲೋರೆನ್ ನೇರ ಅಡುಗೆಮನೆಗೆ ಹೋದಳು. ಊಟಕ್ಕೆ ಕುಳಿತಾಗ ಟೆಸ್ ಫೋರ್ಕು ಕೆಳಗಿಟ್ಟಳು.

"ಅಪ್ಪ, ಎಜ್ರಾ ತಾತನಿಗೆ ಗುಂಡು ಬಿದ್ದಿದ್ದು ಖಂಡಿತಾನಾ?"

ದೇವರು ಮನುಷ್ಯನಿಗೆ ಬಾಗಿಲು ತೆರೆದುಕೊಡುವುದುಂಟು, ಅಲ್ಲಿಂದ ಹೊರಗೆ ಹೋಗು ಎಂದು ಕೈಸನ್ನೆಯನ್ನೂ ಮಾಡುವುದುಂಟು. ವೆಂಡೆಲ್ ಮಗಳ ಮುಖ ನೋಡಿದ. ಸಭೆಯ ದಿನ ಅವಳು ನೋಡಿದ್ದ ನೋಟ ಮತ್ತೆ ಸಿಗುವುದೋ ಇಲ್ಲವೋ ಎಂದು ಹೆದರಿದ.

"ಖಂಡಿತ ಪುಟ್ಟಿ," ಎಂದ.

"ಯಾವ ಕಾಲು?"

"ಎಡ... ಎರಡಕ್ಕೂ ಬಿದ್ದಿತ್ತು."

ಟೆಸ್ ತಲೆಯಾಡಿಸಿದಳು. ಲೋರೆನ್ ಎದ್ದು ತಟ್ಟೆಗಳನ್ನು ತೆಗೆದುಕೊಂಡು ಹೋದಳು, ವೆಂಡೆಲ್ ಇನ್ನೂ ಊಟ ಮಾಡುತ್ತಿದ್ದರೂ ಅವನದನ್ನೂ ಸೇರಿಸಿ. ಅವನಿಗೆ ನಾಚಿಕೆಯಾಯಿತು, ಕಿವಿಯವರೆಗೆ ನಾಚಿಕೆಯಾಯಿತು. ಬೆಳಿಗ್ಗೆ ಹೇಳೋಣವೆಂದುಕೊಂಡ. ಬೆಳಿಗ್ಗೆ, ಸಂಜೆ ಹೇಳೋಣವೆಂದುಕೊಂಡ. ಹೀಗೆ ಮ್ಯೂಸಿಯಂ ದಿನ ಬಂದೇಬಿಟ್ಟಿತು.

ಜಿಮ್ ತುಂಬ ಇತಿಹಾಸವೇ ನಿಂತಿತ್ತು. ಲಿಂಕನ್‌ನ ಗಡ್ಡ ಒಂದು ಕಡೆ ಬಿಟ್ಟುಹೋಗಿ ನೇತಾಡುತ್ತಿತ್ತು, ಅಲ್ಲಾಡಬಾರದೆಂಬ ನಿಯಮವಿದ್ದುದರಿಂದ ರಾಯ್‌ನ ಮಗ ಅದನ್ನು ಉಸಿರಿನಿಂದಲೇ ಹಿಡಿದಿಟ್ಟುಕೊಂಡಿದ್ದ. ವೆಂಡೆಲ್ ಅಂಗಡಿಯಿಂದ ನೇರ ಬಂದು, ತಲೆ ತಗ್ಗಿಸಿಕೊಂಡು ಗೋಡೆಯಂಚಿನಲ್ಲಿ ನಡೆದ. ಎಜ್ರಾನಿಗೆಂದು ಲೋರೆನ್ ಹೊಲಿದಿದ್ದ ನೀಲಿ ಸಮವಸ್ತ್ರವನ್ನು ಹುಡುಕಿದ. ಎಲ್ಲೂ ಕಾಣಲಿಲ್ಲ.

ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಒಂದು ಗುಂಪು ಸೇರಿತ್ತು. ನಡುವೆ ಟೆಸ್. ಅವಳ ಕೊರಳಲ್ಲಿ ಅಪ್ಪ ಮನೆಯಲ್ಲಿಟ್ಟಿದ್ದ ಇನ್ನೊಂದು ಹಸಿರು ಕುರಿ ಟೈ, ಮೊಣಕಾಲಿನವರೆಗೂ ಇಳಿಬಿದ್ದಿತ್ತು. ಕಂಕುಳಲ್ಲಿ ಒಂದು ದಿಂಬು. ಹಿಂದಿನ ಹಲಗೆಯ ಮೇಲೆ ಎಜ್ರಾ ಸ್ಟಕಿ ಎಂಬ ಹೆಸರಿರಲಿಲ್ಲ.

ರಾಯ್ ಕ್ಲಿಂಗರ್ ಮುಂದೆ ಹೋಗಿ ಕೆಂಪು ಬಿಲ್ಲೆ ತುಳಿದ. ಟೆಸ್ ಎದುರಿನ ಗೋಡೆ ನೋಡುತ್ತ ಮಾತಾಡತೊಡಗಿದಳು.

"ನಾನು ವೆಂಡೆಲ್ ಸ್ಟಕಿ. ಟಕರ್ಸ್ ಫೋರ್ಡ್‌ನಲ್ಲಿ ಹುಟ್ಟಿದೆ. ಹಾಸಿಗೆ ಮಾರುತ್ತೇನೆ. ಬೆನ್ನುನೋವಿರುವ ಅಜ್ಜಿಯರಿಗೆ ಅಗ್ಗದ ಹಾಸಿಗೆಯನ್ನೇ ಕೊಡುತ್ತೇನೆ. ಮಿಸ್ಟರ್ ಕ್ಲಿಂಗರ್ ದೋಣಿಯ ವಿಷಯ ಹೇಳಿದಾಗ ನನಗೆ ಹೊಟ್ಟೆಕಿಚ್ಚಾಗಿ, ನಮ್ಮ ತಾತನಿಗೆ ಯುದ್ಧದಲ್ಲಿ ಗುಂಡು ಬಿತ್ತು ಎಂದೆ. ಅವನನ್ನು ಕಚ್ಚಿದ್ದು ಹಂದಿ. ನನ್ನ ಮಗಳು ಕೇಳಿದಾಗ ಮತ್ತೆ ಸುಳ್ಳು ಹೇಳಿದೆ. ಇದಕ್ಕೆ ಮೂರು ಆಧಾರ ಇವೆ: ಆರ್ಡಿತ್ ಅಜ್ಜಿ, ನನ್ನ ಹೆಂಡತಿ, ಮತ್ತು ನನ್ನ ಮಗಳೇ ಕಣ್ಣಾರೆ ನೋಡಿದ್ದು. ಜನ ನನ್ನನ್ನು ನೆನೆಯುವುದು..." ಇಲ್ಲಿ ಅವಳು ಉಸಿರೆಳೆದುಕೊಂಡಳು. "ಅದು ಇನ್ನೂ ಗೊತ್ತಿಲ್ಲ. ನಾನಿನ್ನೂ ಬದುಕಿದ್ದೇನೆ."

ಆಮೇಲೆ ಮತ್ತೆ ಮೇಣವಾದಳು.

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಮಿಸೆಸ್ ಆಟಿಂಜರ್ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು, ಅಳುವೋ ನಗುವೋ ತಿಳಿಯಲಿಲ್ಲ. ರಾಯ್ ತಿರುಗಿ ನೋಡಿದ, ವೆಂಡೆಲ್ ಕಂಡ. ಹತ್ತಿರ ಬಂದು ಪಿಸುಗುಟ್ಟಿದ.

"ಆ ಎಡಗಡೆ ಹುಟ್ಟಿನ ಕಥೇನೂ ಅಷ್ಟೇನೂ ಖಚಿತ ಇಲ್ಲ ಕಣಯ್ಯ. ನಮ್ಮತ್ತೆ ಹೇಳಿದ್ದು."

ಸಮಾಧಾನಕ್ಕೆ ಹೇಳಿದ ಮಾತು. ಆದರೆ ವೆಂಡೆಲ್ ಸಮಾಧಾನದ ಆಚೆ ಹೋಗಿದ್ದ. ಗೋಡೆಗೆ ಬೆನ್ನು ಒತ್ತಿಕೊಂಡು, ಕೈ ಜೋತುಬಿಟ್ಟು, ಟೆಸ್ ಪಕ್ಕದ ಖಾಲಿ ಜಾಗದಲ್ಲಿ ಕಂಬದಂತೆ ನಿಂತುಬಿಟ್ಟ. ಆಗ ಜಿಮ್‌ನ ಬಾಗಿಲಲ್ಲಿ ಟೋಪಿಗಳು ಕಾಣಿಸಿದವು. ಹಾರ್ಲನ್ ವೂರ್‌ಹಿಸ್ ಮುಂದೆ, ಹಿಂದೆ ಸಂಘದ ನಾಲ್ವರು ಮುದುಕರು. ವೂರ್‌ಹಿಸ್‌ನ ಕೈಯಲ್ಲಿ ಅಂಗೈಯಗಲದ ಧ್ವಜ. ಅವನಿಗೆ ಕಿವಿ ಮಂದ, ಟೆಸ್ ಹೇಳಿದ್ದೇನೂ ಅಲ್ಲಿಗೆ ಮುಟ್ಟಿರಲಿಲ್ಲ. ಹಿಂಬಾಗಿಲು ವೆಂಡೆಲ್‌ನಿಂದ ಎರಡೇ ಮಾರು ದೂರವಿತ್ತು.

ಆ ಖಾಲಿ ಜಾಗ ಟೆಸ್ ಬಿಟ್ಟುಬಂದ ಫಿಲ್ಮೋರನದು. ಅಲ್ಲಿ ನಿಲ್ಲಲು ಯಾರೂ ಒಪ್ಪಿರಲಿಲ್ಲ. ಕೆಂಪು ಬಿಲ್ಲೆ ಮಾತ್ರ ನೆಲದ ಮೇಲೆ ಹಾಗೇ ಉಳಿದಿತ್ತು, ವೆಂಡೆಲ್‌ನ ಬೂಟಿನ ಮುಂದೆ.

ಶಿಶುವಿಹಾರದ ಪುಟ್ಟ ಹುಡುಗಿಯೊಬ್ಬಳು ಬಂದು, ತಲೆ ಎತ್ತಿ ಅವನನ್ನು ನೋಡಿ, ಬಿಲ್ಲೆಯನ್ನು ಎರಡೂ ಕಾಲಿಂದ ತುಳಿದಳು. ಕಾದಳು. ಮತ್ತೆ ತುಳಿದಳು.

"ಟೀಚರ್," ಎಂದು ಕೂಗಿದಳು, "ಈ ದೊಡ್ಡ ಗೊಂಬೆ ಕೆಟ್ಟೋಗಿದೆ."

ಜಿಮ್ ಪೂರ್ತಿ ಈ ಕಡೆ ತಿರುಗಿತು. ವೂರ್‌ಹಿಸ್ ಎದುರಿಗೇ ಬಂದು ನಿಂತಿದ್ದ. ವೆಂಡೆಲ್ ಕಣ್ಣಂಚಿನಲ್ಲಿ ಮಗಳನ್ನು ನೋಡಿದ. ಮೇಣದ ಗೊಂಬೆ ಅಲ್ಲಾಡಬಾರದು, ಮಾತಾಡಲೂಬಾರದು. ಆದರೆ ಆ ಗೊಂಬೆ ತುಟಿ ಅಲುಗಿಸದೆ, ಎದುರಿನ ಗೋಡೆ ನೋಡುತ್ತಲೇ ಅಂದಿತು:

"ಹೇಳಪ್ಪ."

ವೆಂಡೆಲ್ ಹೇಳಿದ. ವೂರ್‌ಹಿಸ್‌ಗೆ ಕೇಳಿಸಲೆಂದು ಗಟ್ಟಿಯಾಗಿಯೇ ಹೇಳಬೇಕಾಯಿತು.

"ನಾನು ವೆಂಡೆಲ್ ಸ್ಟಕಿ. ನಮ್ಮ ತಾತ ಯುದ್ಧಕ್ಕೆ ಹೋಗಲಿಲ್ಲ ಸಾರ್. ತನ್ನ ಬದಲಿಗೆ ಏಮಸ್ ಟೀಡ್ ಅನ್ನೋ ಕೂಲಿಯವನನ್ನ ಕಳಿಸಿದ. ಅವನು ಅಲ್ಲೇ ಸತ್ತ. ನಾನು ದಿನಾ ಅವನ ಹೆಸರಿಗೆ ಒರಗಿಕೊಂಡು ಊಟ ಮಾಡ್ತೀನಿ. ನೀವು ಕ್ಷಮೆ ಕೇಳಿದಾಗ ನಾನು ಸುಮ್ಮನೆ ಇದ್ದೆ."

ಮುದುಕ ಟೋಪಿ ತೆಗೆದ, ನೋಡಿದ, ಮತ್ತೆ ಹಾಕಿಕೊಂಡ. ಇವನ ಮುಖಕ್ಕೆ ಉಗಿದಿದ್ದರೂ ಅಲ್ಲಿ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

"ಟೀಡ್," ಎಂದ ಕೊನೆಗೆ. "ತೀರ ಕೆಳಗಿನ ಹೆಸರು. ಅವನ ಕಡೆಯೋರು ಯಾರೂ ಬರೋದೇ ಇಲ್ಲ."

"ಯಾರೂ ಇಲ್ಲ ಸಾರ್."

"ಈಗ ಇದಾರೆ," ಎಂದು ವೂರ್‌ಹಿಸ್ ಧ್ವಜವನ್ನು ಟೆಸ್‌ಗೆ ಕೊಡದೆ ವೆಂಡೆಲ್‌ನ ಕೈಗೆ ತುರುಕಿದ. "ಸೋಮವಾರ ಬೆಳಿಗ್ಗೆ, ಚೌಕದಲ್ಲಿ. ಈ ವರ್ಷ ಅಂತ ಅಲ್ಲ. ಪ್ರತಿ ವರ್ಷ. ತಿಳೀತಾ?"

ತಿಳಿಯಿತೆಂದು ವೆಂಡೆಲ್ ತಲೆಯಾಡಿಸಿದ. ಪಕ್ಕದ ಗೊಂಬೆಯ ಎಡಗೈ ದಿಂಬು ಬಿಟ್ಟು ಸ್ವಲ್ಪ ಸರಿಯಿತು, ಅವನ ಟೈಯ ತುದಿಯನ್ನು ಹಿಡಿದುಕೊಂಡಿತು. ನಿಯಮಕ್ಕೆ ಇದು ವಿರುದ್ಧವಾಗಿತ್ತು. ಮಿಸೆಸ್ ಆಟಿಂಜರ್ ಅದನ್ನು ನೋಡಿ ಮುಖವನ್ನು ಆ ಕಡೆ ತಿರುಗಿಸಿಕೊಂಡರು.

ಶಿಶುವಿಹಾರದ ಹುಡುಗಿಗೆ ಮಾತ್ರ ಖುಷಿಯೋ ಖುಷಿ. ಗೊಂಬೆ ಸರಿಹೋಗಿತ್ತಲ್ಲ. ಓಡಿಹೋಗಿ ತನ್ನ ತರಗತಿಯವರನ್ನೆಲ್ಲ ಕರೆದುಕೊಂಡು ಬಂದಳು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತರು. ಮೊದಲನೆಯವನು ಕೆಂಪು ಬಿಲ್ಲೆಯ ಮೇಲೆ ಕಾಲಿಟ್ಟು ಕತ್ತು ಎತ್ತಿದ.

ವೆಂಡೆಲ್ ಸಾಲಿನ ಉದ್ದವನ್ನು ಒಮ್ಮೆ ನೋಡಿದ. ಧ್ವಜವನ್ನು ಎದೆಗೆ ಹಿಡಿದು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರುಮಾಡಿದ.

"ನಾನು ವೆಂಡೆಲ್ ಸ್ಟಕಿ."